ರೇಯ್ ಅಂದರೆ ರಾಜ

ಟೈಲರಮ್ಮನ ಮನೆಯಲ್ಲಿ ಗಂಡ ಹೆಂಡತಿಗೆ ಮಾತು ನಿಂತು ನಾಲ್ಕು ತಿಂಗಳಾಗಿತ್ತು. ಮಾತು ಬಿಟ್ಟವಳು ಅವಳು. ಗಂಡ, ಪಾಪ, ಸುಮ್ಮನೆ ಬಿಡಿಸಿಕೊಂಡವನು. "ಊಟ ಮೇಜಿನ ಮೇಲಿದೆ" ಎಂದು ಅವಳು ಗೋಡೆಗೆ ಹೇಳುವಳು. ಗೋಡೆಗೆ ಹಸಿವಿಲ್ಲದ ಕಾರಣ ಅವನೇ ಬಂದು ಉಣ್ಣುವನು.

ಇದಕ್ಕೆಲ್ಲ ಕಾರಣ ಹದಿನಾಲ್ಕು ವರ್ಷ ಸಾಕಿದ ನಾಯಿ. ಹೆಸರಿಡಲು ಪುರುಸೊತ್ತಾಗದೆ 'ಮರಿ, ಮರಿ' ಎಂದು ಕರೆದೂ ಕರೆದೂ, ಹಲ್ಲೆಲ್ಲ ಉದುರಿದ ಮೇಲೂ ಅದು ಮರಿಯಾಗಿಯೇ ಉಳಿದಿತ್ತು. ಟೈಲರಮ್ಮ ಮಗಳ ಮನೆಗೆ ಹೋಗಿದ್ದಾಗ ಅದು ಸತ್ತಿತು. ದಿನಾ ಫೋನ್ ಮಾಡಿ "ಮರಿ ಹೇಗಿದೆ?" ಎಂದರೆ ಗಂಡ "ಮಲ್ಗಿದೆ" ಎನ್ನುತ್ತಿದ್ದ. ವಾಪಸು ಬಂದು ನೋಡಿದರೆ ಹಿತ್ತಲಲ್ಲಿ ಮಣ್ಣಿನ ಗುಡ್ಡೆ. ಕೊನೆಗೊಮ್ಮೆ ಮುಖ ನೋಡುವುದಕ್ಕೂ ಸಿಗಲಿಲ್ಲವಲ್ಲ ಎಂದು ಅವಳು ಕತ್ತಲಾಗುವವರೆಗೂ ಆ ಗುಡ್ಡೆಯ ಪಕ್ಕದಲ್ಲೇ ಕೂತಿದ್ದಳು. ಅವತ್ತಿನಿಂದ ಅವಳ ಬಾಯಲ್ಲಿ 'ರೀ' ಹೊರಡಲಿಲ್ಲ. ಮೂವತ್ತೆರಡು ವರ್ಷ ಅವನನ್ನು ಕರೆದದ್ದು ಆ ಒಂದೇ ಅಕ್ಷರದಿಂದ.

ಹೋಟೆಲಿನ ಸ್ವಾಗತ ಕೌಂಟರಿನಲ್ಲಿ ಕೆಲಸ ಮಾಡುವ ಮಗಳು ಆಗ ಸ್ಪ್ಯಾನಿಷ್ ಕಲಿಯುತ್ತಿದ್ದಳು. ಒಂದು ಭಾನುವಾರ ಕಂದು ಬಣ್ಣದ ನಾಯಿಮರಿಯೊಂದನ್ನು ತಂದು ಅಮ್ಮನ ಮಡಿಲಿಗೆ ಹಾಕಿದಳು.

"ಈ ಸಲ ಸರಿಯಾಗಿ ಹೆಸ್ರಿಡೋಣ. ಸ್ಪ್ಯಾನಿಷ್ ಹೆಸ್ರು. ನೀನೇ ಆರ್ಸು" ಎಂದು ಪಟ್ಟಿ ಬಿಚ್ಚಿದಳು. "ಪೆರ್ರೋ. ಅಂದ್ರೆ ನಾಯಿ."

"ನಾಯಿಗೆ ನಾಯಿ ಅಂತಾನಾ? ಅದಕ್ಕಿಂತ ಮರೀನೇ ವಾಸಿ."

"ಗೋರ್ದೋ. ದಪ್ಪಗಿರೋನು."

"ಹೊಟ್ಟೆ ನೋಡೇ, ಬೆನ್ನಿಗಂಟಿದೆ."

"ರೇಯ್. ಅಂದ್ರೆ ರಾಜ."

ಟೈಲರಮ್ಮ ಒಂದೆರಡು ಸಲ ಹೇಳಿ ನೋಡಿದಳು. ನಾಲಿಗೆಗೆ ತೊಡಕಾಗಲಿಲ್ಲ. "ಇರ್ಲಿ ಬಿಡು" ಎಂದಳು.

ಮಾರನೆಯ ಮಧ್ಯಾಹ್ನ ರಾಜರು ಅರ್ಧ ಹೊಲಿದ ಪರದೆಯೊಂದನ್ನು ಕಚ್ಚಿಕೊಂಡು ಅಂಗಳಕ್ಕೆ ಓಟ ಕಿತ್ತರು. "ರೇಯ್!" ಎಂದು ಅವಳು ಕೂಗಿದಳು.

ಹಿತ್ತಲ ಕೊಟ್ಟಿಗೆಯಲ್ಲಿ ಮರ ಕೊಯ್ಯುವ ಸದ್ದು ಗಕ್ಕನೆ ನಿಂತಿತು. ಬಡಗಿ ಗಂಡನ ಕಿವಿ ಗರಗಸದ ಯಂತ್ರದ ಪಕ್ಕದಲ್ಲೇ ಮುದಿಯಾದದ್ದು. ಅದಕ್ಕೆ ಕೇಳಿಸಿದ್ದು 'ರೀ'. ತಲೆತುಂಬ ಮರದ ಪುಡಿ ಹೊತ್ತುಕೊಂಡು ಓಡಿಬಂದ. "ಕರ್ದ್ಯಾ?"

ಅವನ ಮುಖದಲ್ಲಿ ಅಷ್ಟು ಸಂತೋಷವನ್ನು ಅವಳು ಎಷ್ಟೋ ದಿನದಿಂದ ನೋಡಿರಲಿಲ್ಲ.

"ನಾಯೀನ ಕರ್ದಿದ್ದು" ಎಂದಳು, ಗೋಡೆಗೆ.

"ಓ" ಎಂದು ಅವನು ಹಿಂತಿರುಗಿದ. ಅವಳಿಗೆ ಹೊಲಿಗೆ ಸಾಗಲಿಲ್ಲ. ತನ್ನ ಮೇಲೇ ಸಿಟ್ಟು ಬಂತು.

ಮಂಗಳವಾರ ಎರಡು ಸಲ ಹೀಗೇ ಆಯಿತು. ಬುಧವಾರ ಅವನು ಕುರ್ಚಿಯ ಮುರಿದ ಕಾಲನ್ನು ಕೈಯಲ್ಲಿ ಹಿಡಿದೇ ಬಂದ. ಟೈಲರಮ್ಮನಿಗೆ ತಡೆಯಲಾಗಲಿಲ್ಲ. ನಾಲ್ಕು ತಿಂಗಳಲ್ಲಿ ಮೊದಲ ಸಲ ನೇರ ಅವನನ್ನೇ ಕೇಳಿದಳು.

"ಅದು ನಾಯಿ ಹೆಸ್ರು ಅಂತ ಗೊತ್ತಾಗ್ಲಿಲ್ವಾ ಇನ್ನೂ?"

"ಗೊತ್ತು."

"ಮತ್ಯಾಕೆ ಬರ್ತೀರಿ?"

"ಒಂದ್ವೇಳೆ ನನ್ನೇ ಕರ್ದಿದ್ರೆ?" ಎಂದ ಅವನು. "ಆವಾಗ ಬರ್ದೇ ಹೋದ್ರೆ ನೀನು ಮತ್ತೆ ಕರೀತೀಯಾ?"

ಅವನು ಕುರ್ಚಿಯ ಕಾಲನ್ನು ತಿರುಗಿಸುತ್ತ ನಿಂತಿದ್ದ.

"ಮರಿ ನನ್ ತೊಡೆ ಮೇಲೇ ಹೋಯ್ತು ಕಣೇ. ಫೋನಲ್ಲಿ ಹೇಳೋಕೆ ಬಾಯೇ ಬರ್ಲಿಲ್ಲ. ನೀನ್ ಅಲ್ಲಿ ಅಳ್ತಾ ಕೂತ್ರೆ ನಾನ್ ಇಲ್ಲಿಂದ ಏನ್ ಮಾಡ್ಲಿ? ಇವತ್ ಹೇಳ್ತೀನಿ, ನಾಳೆ ಹೇಳ್ತೀನಿ ಅಂತ... ತಪ್ಪಾಯ್ತು."

ಅಂಟು ಒಣಗುತ್ತದೆ ಎಂದು ಗೊಣಗಿ ಕೊಟ್ಟಿಗೆಗೆ ಹೋದ. ಅಂಟು ಹಚ್ಚಿರಲೇ ಇಲ್ಲ, ಅದು ಅವಳಿಗೂ ಗೊತ್ತಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳಿಗೆ ಫೋನ್ ಹಚ್ಚಿದಳು.

"ಆ ಪಟ್ಟಿ ಇನ್ನೊಂದ್ಸಲ ಓದೇ. ಹೆಸ್ರು ಬದಲಾಯಿಸ್ಬೇಕು."

"ಯಾಕಮ್ಮ, ರೇಯ್ ಚೆನ್ನಾಗಿಲ್ವಾ?"

"ಚೆನ್ನಾಗೇನೋ ಇದೆ. ಆದ್ರೆ ಆ ಹೆಸ್ರಿಗೆ ಈ ಮನೇಲಿ ಆಗ್ಲೇ ಒಬ್ರು ಓಗೊಡ್ತಾರೆ."

ಮಗಳು ಏನೋ ಕೇಳುತ್ತಿದ್ದಳು. ಟೈಲರಮ್ಮ ಫೋನನ್ನು ಎದೆಗೊತ್ತಿಕೊಂಡು, ಹಿತ್ತಲ ಬಾಗಿಲಿಗೆ ಬಂದು, ಗಂಟಲು ಸರಿಮಾಡಿಕೊಂಡು ಕರೆದಳು.

"ರೀ! ಬನ್ನಿ ಇಲ್ಲಿ, ನೀವೂ ಒಂದು ಹೆಸ್ರು ಹೇಳಿ."

ಕೊಟ್ಟಿಗೆಯಿಂದ ಗಂಡ, ಅಂಗಳದಿಂದ ರಾಜರು, ಇಬ್ಬರೂ ಓಡಿಬಂದರು.