ಪ್ಲಗ್ಗಿನ ಮೂರನೇ ಕಾಲು

ಭಾನುವಾರ ಬಂತೆಂದರೆ ಅರಳೀಕಟ್ಟೆ ಕೆರೆಯ ದಡದಲ್ಲಿ ಚುರುಮುರಿ ಗಾಡಿ, ಬಲೂನು, ಮಕ್ಕಳ ಗಲಾಟೆ. ಮೈಸೂರಿನ ಅಂಚಿನ ಈ ಕೆರೆಯಲ್ಲಿ ಬ್ಯಾಟರಿ ದೋಣಿ ನಡೆಸುವವರು ತಾವರೆ ಮಹಿಳಾ ಸಂಘದ ಹೆಂಗಸರು. ಇರುವುದು ಒಂದೇ ದೋಣಿ. ಅದಕ್ಕೆ ಸುತ್ತಲೂ ಅಲ್ಯೂಮಿನಿಯಂ ಕಂಬಿ, ಮೇಲೆ ಹಳದಿ ತಗಡಿನ ಸೂರು. ಹೊಗೆಯಿಲ್ಲ, ಸದ್ದಿಲ್ಲ. ಸಂಜೆ ದಡಕ್ಕೆ ಕಟ್ಟಿ, ಟಿಕೆಟ್ ಮನೆಯಿಂದ ವೈರು ಎಳೆದು ಚಾರ್ಜಿಗೆ ಹಾಕಿದರೆ ಬೆಳಗ್ಗೆ ಹೊರಡಲು ತಯಾರು. ತಯಾರಿರಬೇಕಿತ್ತು ಅನ್ನುವುದೇ ಸರಿ, ಏಕೆಂದರೆ ಆ ಭಾನುವಾರವೂ ದೋಣಿ ಕೆರೆಯ ನಡುವೆ ನಿಂತುಬಿಟ್ಟಿತು.

"ಏನಮ್ಮಾ, ಇದು ಬ್ಯಾಟರಿ ಬೋಟೋ, ತೆಪ್ಪನೋ?" ಎಂದು ಗೋಕುಲಂನಿಂದ ಮೊಮ್ಮಕ್ಕಳನ್ನು ಕರೆತಂದಿದ್ದ ಯಜಮಾನರೊಬ್ಬರು ರೇಗಿದರು.

ಸಂಘದ ಅಧ್ಯಕ್ಷೆ ಮಂಚಮ್ಮ ಹುಟ್ಟು ಕೈಗೆತ್ತಿಕೊಂಡಳು. ಹುಟ್ಟು ಹಾಕಿ ಹಾಕಿ ದಡ ಸೇರುವಷ್ಟರಲ್ಲಿ ಆಕೆಯ ಭುಜ ಬಿದ್ದುಹೋಗಿತ್ತು. ಮೆಟ್ಟಿಲ ಮೇಲೆ ನಿಂತಿದ್ದ ಗಂಡ ಸಣ್ಣಮಾದಯ್ಯನನ್ನು ನೋಡಿದ ಕೂಡಲೇ ಅಷ್ಟೂ ಹೊತ್ತು ನುಂಗಿಕೊಂಡಿದ್ದ ಸಿಟ್ಟು ಹೊರಗೆ ಬಂತು. ದೋಣಿಯ ಮೋಟಾರು, ಬ್ಯಾಟರಿ, ಚಾರ್ಜರು ಎಲ್ಲವೂ ಅವನ ಉಸ್ತುವಾರಿ. ಹಿಂದೆ ಟೆಂಪೊ ಓಡಿಸುತ್ತಿದ್ದವನು, ಯಂತ್ರವೆಂದರೆ ತನಗೆ ತಿಳಿಯದ್ದು ಏನೂ ಇಲ್ಲವೆಂದು ನಂಬಿದವನು.

"ಬ್ಯಾಟ್ರಿ ಓಯ್ತು ಕಣೆ," ಎಂದ ಸಣ್ಣಮಾದಯ್ಯ. "ಒಸದು ತಂದ್ರೆ ಎಲ್ಲಾ ಸರಿಯಾಯ್ತದೆ."

"ಓದ ದಸರಾಕ್ಕೆ ತಾನೆ ಒಸದು ಆಕ್ಸಿದ್ದು? ವರ್ಷಕ್ಕೊಂದು ನುಂಗಕೆ ಬ್ಯಾಟ್ರಿ ಅಂದ್ರೆ ಏನು ಕಡ್ಲೆಕಾಯಾ?"

"ಬ್ಯಾಟ್ರಿ ಕಂಪ್ನಿಯೋರು ಮೋಸ ಮಾಡವ್ರೆ ಬುಡು," ಎಂದು ಅವನು ಕೈತೊಳೆದುಕೊಂಡ.

ಮಾರನೆಯ ಬೆಳಗ್ಗೆ ಸಾಕಮ್ಮ ದೋಣಿ ಒರೆಸಲು ಬಂದಳು. ಸಂಘದಲ್ಲಿ ಎಲ್ಲರಿಗಿಂತ ಮೆತ್ತಗಿನ ಹೆಂಗಸು. ಚಾರ್ಜರು ಇನ್ನೂ ಆನ್ ಆಗಿಯೇ ಇತ್ತು. ಬರಿಗಾಲಲ್ಲಿ ನೀರಿನೊಳಗಿನ ಮೆಟ್ಟಿಲ ಮೇಲೆ ನಿಂತು, ದೋಣಿ ಹತ್ತಲು ಕಂಬಿ ಹಿಡಿದಳು. ಹಿಡಿದ ಕೈ ಬಿಡಲಿಲ್ಲ. ಬಾಯಿ ತೆರೆದಿತ್ತು, ಕೂಗು ಮಾತ್ರ ಹೊರಡಲಿಲ್ಲ.

ಟಿಕೆಟ್ ಮನೆಯ ಬಾಗಿಲಲ್ಲಿದ್ದ ಮಂಚಮ್ಮ ಅದನ್ನು ಕಂಡಳು. ಓಡಿ ಹೋಗಿ ಸಾಕಮ್ಮನನ್ನು ಎಳೆಯಬೇಕು ಅನ್ನಿಸಿತು, ಒಂದು ಹೆಜ್ಜೆ ಇಟ್ಟೂ ಬಿಟ್ಟಳು. ಆಮೇಲೆ ಅದೇನು ಬುದ್ಧಿ ಬಂತೋ, ಹಿಂದಕ್ಕೆ ತಿರುಗಿ ಮೇನ್ ಸ್ವಿಚ್ಚನ್ನೇ ಕೆಳಗೆಳೆದಳು. ಸಾಕಮ್ಮ ಮೆಟ್ಟಿಲ ಮೇಲೆ ಕುಸಿದು ಬಿದ್ದಳು. ಮಂಚಮ್ಮ ಆಕೆಯನ್ನು ಮುಟ್ಟಿದ್ದರೆ ಇಬ್ಬರೂ ಅಂಟಿಕೊಳ್ಳುತ್ತಿದ್ದರು.

ಉಸಿರಿತ್ತು. ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಎದೆಬಡಿತ ನೋಡಿ, ಒಂದು ದಿನ ಇಲ್ಲೇ ಇರಲಿ ಅಂದರು. ಮಂಚದ ಮೇಲೆ ಮಲಗಿದ್ದ ಸಾಕಮ್ಮ ಮೆಲ್ಲಗೆ ಹೇಳಿದಳು: "ದಿನಾ ಒಂಚೂರು ಜುಮ್ ಅಂತಿತ್ತು ಕನಕ್ಕ. ಇವತ್ತು ಜಾಸ್ತಿ ಆಗೋಯ್ತು."

"ದಿನಾನಾ? ಯಾಕೆ ಏಳ್ಲಿಲ್ಲ ನೀನು?"

"ಮಾದಣ್ಣಂಗೆ ಏಳಿದ್ದೆ."

ಪಕ್ಕದಲ್ಲೇ ನಿಂತಿದ್ದ ಸಣ್ಣಮಾದಯ್ಯ ತಲೆ ಕೆರೆದುಕೊಂಡ. "ಒಂಚೂರು ಜುಮ್ ಅನ್ನದು ಎಲ್ಲಾ ಮಿಷಿನ್‌ಗೂ ಇರ್ತದೆ. ಫ್ರಿಜ್ ಮುಟ್ಟುದ್ರೆ ಅನ್ನಕಿಲ್ವಾ? ಗೀಸರ್ ಕೊಳಾಯಿ ಮುಟ್ಟುದ್ರೆ ಅನ್ನಕಿಲ್ವಾ?"

ಮಂಚಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಜುಮ್ ಅಂತೆ! ಕಚಗುಳಿ ಇಟ್ಟ ಹಾಗೆ ಹೇಳುತ್ತಾನೆ. ಸಾವು ದಿನಾ ಬೆಳಗ್ಗೆ ಬಂದು ಈ ಹೆಂಗಸಿನ ಕೈ ಮುಟ್ಟಿ ಹೋಗುತ್ತಿತ್ತು, ನಾವೆಲ್ಲ ಸೇರಿ ಅದಕ್ಕೊಂದು ಮುದ್ದಿನ ಹೆಸರಿಟ್ಟುಬಿಟ್ಟಿದ್ದೆವಲ್ಲ ಎಂದು ಹಲ್ಲು ಕಚ್ಚಿದಳು. ಆಸ್ಪತ್ರೆಯ ಜಗುಲಿಯಿಂದಲೇ ಬಿಂದುಶ್ರೀಗೆ ಫೋನ್ ಮಾಡಿದಳು.

ಬಿಂದುಶ್ರೀ ಬನ್ನಿಮಂಟಪದವರು. ಐಟಿಐನಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳುವವರು. ಸಂಘದ ಸಭೆಗಳಿಗೆ ಬಂದು ಸಲಹೆ ಕೊಡುವ ರೂಢಿ ಅವರದು. "ಯಾರೂ ಏನೂ ಮುಟ್ಟಬೇಡಿ, ಮೇನ್ ಆಫ್ ಆಗಿಯೇ ಇರಲಿ," ಎಂದು ಹೇಳಿ ಮಧ್ಯಾಹ್ನವೇ ಕೆರೆಗೆ ಬಂದರು.

ಮೊದಲು ಬ್ಯಾಟರಿಯ ಮುಚ್ಚಳ ತೆಗೆದರು. ಒಳಗೆ ನೀರು ಬತ್ತಿತ್ತು, ಮೂಗಿಗೆ ಹುಳಿ ವಾಸನೆ ಅಡರಿತು. "ಬ್ಯಾಟರಿ ಕಂಪನಿಯವರದು ತಪ್ಪಿಲ್ಲ ಕಣ್ರೀ. ಈ ಚಾರ್ಜರ್ ಗ್ಯಾರೇಜಿನದು. ಬ್ಯಾಟರಿ ತುಂಬಿದ ಮೇಲೆ ತಾನಾಗಿ ನಿಲ್ಲೋದು ಇದಕ್ಕೆ ಗೊತ್ತೇ ಇಲ್ಲ. ಮೆಕ್ಯಾನಿಕ್ ಪಕ್ಕದಲ್ಲೇ ನಿಂತು, ತುಂಬಿದ ಕೂಡಲೇ ತೆಗೀಬೇಕು. ನೀವು ಸಂಜೆ ಹಾಕಿ ಮನೆಗೆ ಹೋಗ್ತೀರಿ, ಇದು ಬೆಳಗಿನ ತನಕ ಬ್ಯಾಟರೀನ ಬೇಯಿಸುತ್ತೆ."

ಆಮೇಲೆ ಚಾರ್ಜರಿನ ತಗಡಿನ ಡಬ್ಬಿ ಬಿಚ್ಚಿ ತೋರಿಸಿದರು. "ಗೋಡೆಯಿಂದ ಬರೋ ಕರೆಂಟೂ ಬ್ಯಾಟರಿಗೆ ಹೋಗೋ ಕರೆಂಟೂ ಇದರೊಳಗೆ ಬೇರೆ ಬೇರೆ ಇರಬೇಕು. ನಡುವೆ ಒಂದಕ್ಕೊಂದು ತಾಕಲೇಬಾರದು. ಇಲ್ಲಿ ನೋಡಿ, ಎರಡೂ ಒಂದೇ. ಸಾಲದ್ದಕ್ಕೆ ದೋಣಿಯೊಳಗೇ ಇಟ್ಟಿದ್ದೀರಿ, ನೀರು ಸಿಡಿದು ಸಿಡಿದು ತುಕ್ಕು ಬೇರೆ. ಕಂಬಿಗೆ ಕರೆಂಟು ಬಂದದ್ದು ಹೀಗೆ."

ಕೊನೆಗೆ ಪ್ಲಗ್ ಕೈಗೆತ್ತಿಕೊಂಡರು. ಅದನ್ನು ತಿರುಗಿಸಿ ನೋಡಿದರು.

"ಇದರ ಮೂರನೇ ಕಾಲು ಎಲ್ಲಿ?"

"ನಾನೇ ಕತ್ತರಿಸ್ದೆ," ಎಂದ ಸಣ್ಣಮಾದಯ್ಯ. ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. "ವೈರಿನ ಸಾಕೆಟ್‌ಗೆ ಎರಡೇ ತೂತು, ಇದು ಓಗ್ಲಿಲ್ಲ. ಗರಗಸ ತಕಂಡು ಕೊಯ್ದಾಕ್ದೆ. ಆ ಕಾಲು ಚಾರ್ಜೇನೂ ಮಾಡಕಿಲ್ಲ ಮೇಡಮ್, ಸುಮ್ನೆ ನಿಂತಿರ್ತದೆ ಅಷ್ಟೆ."

"ಸುಮ್ನೆ ನಿಂತಿರೋದೇ ಅದರ ಕೆಲಸ ಮಾದಯ್ಯನವರೇ. ಒಳಗೆ ಎಲ್ಲಾದರೂ ಕರೆಂಟು ಸೋರಿದರೆ ಅದನ್ನ ಭೂಮಿಗೆ ಇಳಿಸೋದು ಆ ಕಾಲು. ಅದನ್ನ ಕತ್ತರಿಸಿದ ಮೇಲೆ ಕರೆಂಟಿಗೆ ಇಳಿಯೋ ದಾರಿ ಬೇಕಲ್ಲ? ಸಾಕಮ್ಮ ಸಿಕ್ಕಿದರು."

ಮಂಚಮ್ಮ ಗಂಡನ ಮುಖವನ್ನೇ ದುರುಗುಟ್ಟಿ ನೋಡಿದಳು. ಅವನು ಸೋಲಲಿಲ್ಲ.

"ಅಷ್ಟಗಲ ಕೆರೆ! ಅಷ್ಟು ನೀರಲ್ಲಿ ಒಂಚೂರು ಕರೆಂಟು ಕರಗೋಗಕಿಲ್ವಾ?"

"ಅಲ್ಲೇ ಎಲ್ಲರೂ ಮೋಸ ಹೋಗೋದು. ಕೆರೆಯದು ಸಿಹಿನೀರು. ಅದರಲ್ಲಿ ಕರೆಂಟು ಕಷ್ಟಪಟ್ಟು ಹರಿಯುತ್ತೆ. ನಮ್ಮ ರಕ್ತ ಉಪ್ಪು, ಅದರಲ್ಲಿ ಸಲೀಸಾಗಿ ಹರಿಯುತ್ತೆ. ನೀರಲ್ಲಿ ಮನುಷ್ಯ ಇದ್ದರೆ ಅವನನ್ನೇ ದಾರಿ ಮಾಡ್ಕೊಳ್ಳುತ್ತೆ. ಕೈಕಾಲು ಆಡೋದು ನಿಂತುಹೋಗುತ್ತೆ. ಈಜು ಬಲ್ಲವರೂ ಮುಳುಗ್ತಾರೆ. ನೋಡಿದವರು, ಪಾಪ, ನೀರು ಕುಡಿದು ಸತ್ತರು ಅಂತಾರೆ."

ಬೇಸಿಗೆಯಲ್ಲಿ ಕೇರಿಯ ಮಕ್ಕಳು ಅದೇ ಮೆಟ್ಟಿಲ ಬಳಿ ಈಜು ಬೀಳುವುದು ಮಂಚಮ್ಮನ ಕಣ್ಣ ಮುಂದೆ ಬಂತು. "ಈ ಚಾರ್ಜರೇ ಬ್ಯಾಡ, ಒಸದು ತರಾನ," ಎಂದಳು.

"ಸರಿ ಬುಡಿ," ಎಂದ ಸಣ್ಣಮಾದಯ್ಯ. "ಬೇರೆ ಪ್ಲಗ್ ಕೂರಿಸ್ತೀನಿ. ಅದಕ್ಯಾಕೆ ಒಸ ಚಾರ್ಜರು? ಕಾಸೇನು ಮರದಲ್ಲಿ ಬುಡ್ತದಾ? ಇನ್ನೇನು ದಸರಾ ಬತ್ತಾ ಅದೆ, ಜನ ಬತ್ತಾರೆ, ದೋಣಿ ನಿಲ್ಸಕಾದದಾ?"

ಎರಡು ದಿನದ ಮೇಲೆ ಸಾಕಮ್ಮ ಬಂದಳು. ಅಂಗೈಯಲ್ಲಿ ಕಂಬಿ ಹಿಡಿದ ಜಾಗ ಸುಟ್ಟು ಕಪ್ಪಗಾಗಿತ್ತು. ಮೆಟ್ಟಿಲಿಳಿದು ದೋಣಿಯ ಪಕ್ಕ ನಿಂತಳು, ಕೈ ಚಾಚಿದಳು, ಹಿಂದಕ್ಕೆ ಎಳೆದುಕೊಂಡಳು. ಮತ್ತೆ ಚಾಚಿದಳು, ಮತ್ತೆ ಎಳೆದುಕೊಂಡಳು.

"ಮೇನ್ ಆಫಾಗದೆ ಕಣಮ್ಮಿ, ವೈರೇ ತೆಗ್ದಾಕಿದೀವಿ. ಏನೂ ಆಗಕಿಲ್ಲ, ಮುಟ್ಟು," ಎಂದ ಸಣ್ಣಮಾದಯ್ಯ.

"ನೀ ಮೊದ್ಲು ಮುಟ್ಟು ಮಾದಣ್ಣ."

"ಅದಕ್ಕೇನಂತೆ," ಎನ್ನುತ್ತ ಅವನು ಪಂಚೆ ಎತ್ತಿ ಕಟ್ಟಿ ನೀರಿಗಿಳಿದ. ಕೈ ನೀಡಿದ. ಕಂಬಿಗೆ ಇನ್ನೊಂದು ಗೇಣು ಇರುವಾಗ ಆ ಕೈ ನಿಂತುಬಿಟ್ಟಿತು. ಕರೆಂಟಿಲ್ಲವೆಂದು ಅವನಿಗೆ ಗೊತ್ತು, ತಾನೇ ವೈರು ಸುತ್ತಿಟ್ಟವನು. ಆದರೂ ಕೈ ಮುಂದಕ್ಕೆ ಹೋಗಲೊಲ್ಲದು. ಸಾಕಮ್ಮ ಅವನನ್ನೇ ನೋಡುತ್ತಿದ್ದಳು. ಮಂಚಮ್ಮನೂ ನೋಡುತ್ತಿದ್ದಳು.

"ಒಂಚೂರು ಜುಮ್ ಅಂದ್ರೆ ಏನಾಯ್ತದೆ?" ಎಂದಳು ಮಂಚಮ್ಮ. "ಎಲ್ಲಾ ಮಿಷಿನ್‌ಗೂ ಇರ್ತದೆ ಅಂದ್ಯಲ್ಲ. ಮುಟ್ಟು!"

ಸಣ್ಣಮಾದಯ್ಯ ಕೈ ಇಳಿಸಿದ. ತಲೆ ತಗ್ಗಿಸಿ ಮೇಲೆ ಬಂದು, "ಒಸ ಚಾರ್ಜರ್ ತರಾನ ನಡಿ," ಎಂದ.

ಹಳೆಯ ಚಾರ್ಜರನ್ನು ಚೀಲಕ್ಕೆ ಹಾಕಿಕೊಂಡು ಮೂವರೂ ಮಂಡಿ ಮೊಹಲ್ಲಾಕ್ಕೆ ಹೋದರು. ಅದನ್ನು ಮಾರಿದ್ದ ಅಂಗಡಿಯವನ ಮುಂದೆ ಮಂಚಮ್ಮ ಡಬ್ಬಿಯನ್ನು ಧಡ್ ಎಂದು ಇಟ್ಟಳು.

"ದೋಣಿಗೆ ಬೇಕು ಅಂತ ಬಾಯಿಬಿಟ್ಟು ಏಳಿದ್ವಲ್ಲ, ಇದನ್ಯಾಕೆ ಕೊಟ್ರಿ?"

"ಬಸ್ಸಿಗೂ ಇದೇ, ಬೋಟಿಗೂ ಇದೇ ಕಣಮ್ಮ. ಎಷ್ಟೋ ಜನ ತಗೊಂಡು ಹೋಗಿದ್ದಾರೆ. ಇವತ್ತಿನವರೆಗೂ ಒಬ್ಬರೂ ಕಂಪ್ಲೇಂಟ್ ತಂದಿಲ್ಲ."

"ಸತ್ತೋರು ಎಂಗೆ ತತ್ತಾರೆ ಕಂಪ್ಲೇಂಟು?"

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಅಂಗಡಿಯವನು ದನಿ ಇಳಿಸಿದ. "ಸರಿ, ಬಿಲ್ ತೋರಿಸಿ, ನೋಡೋಣ."

ಬಿಲ್ ಇರಲಿಲ್ಲ. ಬಿಲ್ ಬೇಡವೆಂದರೆ ಕಡಿಮೆಗೆ ಕೊಡುತ್ತೇನೆಂದು ಆಸೆ ಹತ್ತಿಸಿದವನೇ ಇವನು. ಈಗ ಅದೇ ಬಾಯಲ್ಲಿ ಬಿಲ್ ಕೇಳುತ್ತಾನೆ! ಮಂಚಮ್ಮನ ಕಣ್ಣು ಕೆಂಪಾಯಿತು. ಸಾಕಮ್ಮನ ಕೈ ಹಿಡಿದು, ಸುಟ್ಟ ಅಂಗೈಯನ್ನು ಅವನ ಮೂಗಿನ ಮುಂದೆ ಹಿಡಿದಳು.

"ಇದೇ ಬಿಲ್ಲು. ಓದ್ಕೊಳ್ಳಿ."

ಅವನು ಓದಲಿಲ್ಲ. ಚಾರ್ಜರು ಕೊಳ್ಳಲು ಬಂದಿದ್ದ ಇಬ್ಬರು ಮಾತ್ರ ಸದ್ದಿಲ್ಲದೆ ಎದ್ದು ಹೊರಟುಹೋದರು.

ಬಿಂದುಶ್ರೀ ಹೇಳಿದ್ದ ಇನ್ನೊಂದು ಅಂಗಡಿಯಲ್ಲಿ ಈ ಸಲ ಪ್ರಶ್ನೆ ಕೇಳಿದವನು ಸಣ್ಣಮಾದಯ್ಯ. "ಮೇಡಮ್, ಬ್ಯಾಟ್ರಿ ತುಂಬುದ್ ಮೇಲೆ ಇದು ತಾನಾಗೇ ನಿಲ್ತದಾ? ಒಳಗ್ ಬರೋ ಕರೆಂಟು ಆಚೆ ಓಗೋದಕ್ಕೆ ತಾಕಕಿಲ್ಲ ತಾನೆ? ನೀರು ಸಿಡಿದ್ರೆ ತಡೀತದಾ? ನಮ್ ಬ್ಯಾಟ್ರಿ ಆಸಿಡ್ಡಿಂದು, ಲಿಥಿಯಂದಲ್ಲ. ಅದಕ್ಕೆ ಒಪ್ತದಾ? ಕೆಟ್ಟೋದ್ರೆ ಮೈಸೂರಲ್ಲೇ ರಿಪೇರಿ ಮಾಡ್ತೀರಾ?" ಅಂಗಡಿಯಾಕೆ ಒಂದೊಂದಕ್ಕೂ ಉತ್ತರ ಕೊಟ್ಟು, ಡಬ್ಬಿಯ ಮೇಲಿನ ಬರಹ ತೋರಿಸಿ, ಬ್ಯಾಟರಿಯ ವೋಲ್ಟೇಜೂ ಗಾತ್ರವೂ ಕೇಳಿ, ಅದಕ್ಕೆ ಹೊಂದುವುದನ್ನೇ ಕೊಟ್ಟಳು. ಬಿಲ್ಲನ್ನೂ ವಾರಂಟಿ ಕಾರ್ಡನ್ನೂ ಸಾಕಮ್ಮ ಕೇಳಿ ಪಡೆದು, ಸೆರಗಿಗೆ ಗಂಟು ಹಾಕಿಕೊಂಡಳು.

ದಡದಲ್ಲೂ ಕೆಲಸ ನಡೆಯಿತು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ಎರಡು ತೂತಿನ ವೈರು ಕಿತ್ತೆಸೆದ. ಟಿಕೆಟ್ ಮನೆಯ ಹಿಂದೆ ಗುಂಡಿ ತೋಡಿ ಅರ್ತಿಂಗ್ ಹಾಕಿದ. ಮಳೆ ತಾಗದ ಮೂರು ತೂತಿನ ಸಾಕೆಟ್ ಕೂರಿಸಿದ. ಕರೆಂಟು ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಹಾಕುವ ಆರ್‌ಸಿಸಿಬಿ ಸ್ವಿಚ್ಚನ್ನೂ ಜೋಡಿಸಿದ. ಬತ್ತಿದ್ದ ಬ್ಯಾಟರಿಯನ್ನೂ ಬದಲಾಯಿಸಿದರು. ಇಷ್ಟಾಗುವವರೆಗೆ ದೋಣಿ ಕಟ್ಟಿದಲ್ಲೇ ಇತ್ತು. ಬಂದ ಜನ ಗೊಣಗಿಕೊಂಡು ವಾಪಸ್ ಹೋದರು. ಮಂಚಮ್ಮ ಕ್ಯಾರೇ ಅನ್ನಲಿಲ್ಲ.

ಆಯುಧಪೂಜೆಯ ದಿನ ದೋಣಿ ತೊಳೆದು, ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿದರು. ಸಣ್ಣಮಾದಯ್ಯ ನೀರಿನ ಚೊಂಬು ಹಿಡಿದು ಚಾರ್ಜರಿನ ಕಡೆ ಹೊರಟಿದ್ದೇ ತಡ, ಬಿಂದುಶ್ರೀ, "ಅಯ್ಯೋ, ಅದಕ್ಕೆ ಸ್ನಾನ ಬೇಡ! ಸ್ವಿಚ್ ಆಫ್ ಮಾಡಿ ಒಣಬಟ್ಟೇಲಿ ಒರೆಸಿದರೆ ಸಾಕು," ಎಂದು ಕೂಗಿದರು. ಎಲ್ಲರೂ ನಕ್ಕರು, ಸಾಕಮ್ಮ ನಗಲಿಲ್ಲ. ಬಿಂದುಶ್ರೀ ಮೀಟರ್ ಹಿಡಿದು ಕಂಬಿಯನ್ನೂ ನೀರನ್ನೂ ಪರೀಕ್ಷಿಸಿ, ಕರೆಂಟಿನ ಸೋರಿಕೆ ಚೂರೂ ಇಲ್ಲ ಎಂದರು. ಆಗಲೂ ಸಾಕಮ್ಮ ದೂರವೇ ನಿಂತಿದ್ದಳು.

ಸಣ್ಣಮಾದಯ್ಯ ಆಕೆಯನ್ನು ನೋಡಿದ. ಮೆಟ್ಟಿಲಿಳಿದ. ಪೂರ್ತಿ ಅಂಗೈ ಊರಿ ಕಂಬಿ ಹಿಡಿದ. ಹಿಡಿದುಕೊಂಡೇ ನಿಂತ.

"ತಪ್ಪಾಯ್ತು ಸಾಕಮ್ಮ. ಬಾ," ಎಂದ.

ಸಾಕಮ್ಮ ಬಂದಳು. ಅವನ ಕೈಯ ಪಕ್ಕದಲ್ಲೇ ತನ್ನ ಕೈಯಿಟ್ಟು ದೋಣಿ ಹತ್ತಿದಳು.

ಓದುತ್ತಿರುವ ಅಕ್ಕ, ಕೇಳುತ್ತಿರುವ ಅಣ್ಣ, ದೋಣಿ ನಡೆಸುವವರು ನೀವಾದರೆ ಗ್ಯಾರೇಜಿನ ಚಾರ್ಜರನ್ನು ದೋಣಿಗೆ ಹಾಕಬೇಡಿ. ಸಣ್ಣಮಾದಯ್ಯ ಕೇಳಿದ ಪ್ರಶ್ನೆಗಳನ್ನೇ ಅಂಗಡಿಯಲ್ಲಿ ಕೇಳಿ, ಉತ್ತರ ಬಾರದಿದ್ದರೆ ಎದ್ದು ಬನ್ನಿ. ಬಿಲ್ ಇಲ್ಲದೆ ಏನನ್ನೂ ಕೊಳ್ಳಬೇಡಿ. ದಡದ ಕರೆಂಟಿಗೆ ದೋಣಿ ಕಟ್ಟಿರುವಾಗ ನೀರಿಗೆ ಇಳಿಯಬೇಡಿ, ಯಾರನ್ನೂ ಇಳಿಯಗೊಡಬೇಡಿ. ಯಾರಾದರೂ ಅಂಟಿಕೊಂಡರೆ ಅವರನ್ನು ಮುಟ್ಟದೆ ಮೊದಲು ಮೇನ್ ಆಫ್ ಮಾಡಿ.

ದೋಣಿ ಇಲ್ಲದವರೂ ಒಮ್ಮೆ ಏಳಿ. ನಿಮ್ಮ ಮನೆಯಲ್ಲಿ ಫ್ರಿಜ್ಜಿದೆ, ಮಿಕ್ಸಿಯಿದೆ, ನೀರೆತ್ತುವ ಮೋಟಾರಿದೆ. ಯಾವುದಾದರೂ ಒಂಚೂರು ಜುಮ್ ಅನ್ನುತ್ತಿದ್ದರೆ ಇವತ್ತೇ ನಿಲ್ಲಿಸಿ. ಪ್ಲಗ್ಗುಗಳನ್ನು ಹೊರತೆಗೆದು ನೋಡಿ. ಮೂರು ಕಾಲಿದ್ದ ಪ್ಲಗ್ಗಿನಲ್ಲಿ ಎರಡೇ ಉಳಿದಿದ್ದರೆ, ಮೂರನೆಯದನ್ನು ಕತ್ತರಿಸಿದವರು ಯಾರೆಂದು ಮನೆಯಲ್ಲಿ ಜಗಳ ತೆಗೆಯಿರಿ. ಜೋರಾಗಿಯೇ ತೆಗೆಯಿರಿ. ಆ ಜಗಳ ಕೇಳುವುದಕ್ಕೆ ಎಲ್ಲರೂ ಬದುಕಿರಲಿ.