ಟ್ಯಾಂಕಿನ ಮೇಲಿನ ಆನೆ

ಗೋಡೆಯ ಟೀವಿಯ ಒಂದು ಮೂಲೆಯಲ್ಲಿ ನನ್ನದೇ ಮುಖ, ಪುಟ್ಟ ಚೌಕದೊಳಗೆ, ನನ್ನ ಕಿವಿ ಇಷ್ಟು ದೊಡ್ಡದಾ, ಪಕ್ಕದಲ್ಲಿ ರಾಜಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಾಳೆ, ಟೀವಿಯಲ್ಲೂ ಒತ್ತಿಕೊಂಡಿದ್ದಾಳೆ, ಆದರೆ ಸ್ವಲ್ಪ ತಡವಾಗಿ, ಇಲ್ಲಿ ಕೈ ತೆಗೆದ ಮೇಲೆ ಅಲ್ಲಿ ತೆಗೆಯುತ್ತಾಳೆ — ಬೇರೆ ದಿನವಾಗಿದ್ದರೆ ಇದೊಂದನ್ನೇ ಹಿಡಿದು ವಾರಗಟ್ಟಲೆ ಕಥೆ ಹೊಡೆಯುತ್ತಿದ್ದೆ, ವಿಶಾಖಪಟ್ಟಣದಲ್ಲಿ ಟೌನ್‌ಶಿಪ್ ಗೇಟಿನ ಮುಂದೆ ನನ್ನ ಗಾಡಿ, ಮಂಡಕ್ಕಿ, ಮಿರ್ಚಿ, ಸುತ್ತ ನಮ್ಮ ಕಡೆಯ ಇಂಜಿನಿಯರುಗಳು, ಏನಪ್ಪಾ ಮಂಜಪ್ಪ ಇವತ್ತಿನ ಸುಳ್ಳು ಯಾವುದು, ಸುಳ್ಳಲ್ಲ ಸಾರ್, ಸಿಂಹಾಚಲಂ ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟು ಹೋಗಿದ್ದೆ, ದರ್ಶನ ಮುಗಿಸಿ ಬಂದರೆ ಚಿರತೆ ಕಾವಲು ಕೂತಿದೆ, ಬರೀ ನನ್ನ ಚಪ್ಪಲಿಗೆ, ಬೇರೆಯವರದನ್ನು ಮೂಸಿಯೂ ನೋಡಿಲ್ಲ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಇವತ್ತು ವಿಜಯವಾಡದ ಈ ಪೊಲೀಸ್ ಆಫೀಸಿನ ಎ.ಸಿ. ಗಾಳಿಯಲ್ಲೂ ಬೆನ್ನು ಬೆವರುತ್ತಿದೆ. ಹಂಸಾ, ರಾಜಕ್ಕನ ಒಬ್ಬಳೇ ಮಗಳು, ಹರಿಹರದ ಹುಡುಗಿ, ವಿಶಾಖಪಟ್ಟಣಕ್ಕೆ ಮಾತ್ರೆ ಫ್ಯಾಕ್ಟರಿಯ ಕೆಲಸಕ್ಕೆ ಬಂದವಳು, ಸಂಜೆ ಗಾಡಿಗೆ ಬಂದು ಮಂಜಣ್ಣಾ ಖಾರ ಜಾಸ್ತಿ, ಸುಳ್ಳು ಅದಕ್ಕಿಂತ ಜಾಸ್ತಿ ಅನ್ನುತ್ತಿದ್ದವಳು, ಯಾವನೋ ಏಜೆಂಟು ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ ಅಂದ, ನಂಬಿ ಹೋದಳು, ಅಲ್ಲಿಂದ ಕದ್ದು ಗಡಿ ದಾಟಿಸಿ ಕಾಂಬೋಡಿಯಾದ ಯಾವುದೋ ಎತ್ತರದ ಗೋಡೆಯೊಳಗೆ ಹಾಕಿದರು, ಪಾಸ್‌ಪೋರ್ಟ್ ಕಿತ್ತುಕೊಂಡರು, ದಿನವಿಡೀ ನಮ್ಮವರಿಗೇ ಫೋನ್ ಮಾಡಿ ದುಡ್ಡು ಎಗರಿಸಬೇಕು, ಇಲ್ಲವೆಂದರೆ ಊಟವಿಲ್ಲ, ಕರೆಂಟು ಮುಟ್ಟಿಸುತ್ತಾರಂತೆ. ಒಂದೇ ಒಂದು ಸಲ ಯಾರದೋ ಫೋನಿನಿಂದ ಅಮ್ಮನ ಹತ್ತಿರ ಮಾತಾಡಿದ್ದಾಳೆ. ಆಮೇಲಿಲ್ಲ.

ಏಜೆಂಟು ವಿಶಾಖಪಟ್ಟಣದವನು, ಕೇಸೂ ಅಲ್ಲಿಯೇ, ಅದಕ್ಕೆ ರಾಜಕ್ಕ ಒಬ್ಬಳೇ ಹರಿಹರದಿಂದ ಬಂದಳು, ತೆಲುಗು ಒಂದಕ್ಷರ ಬಾರದು, ಎಸ್ಸೈ ಕಾಮೇಶ್ವರ ಅವರಿಗೆ ಕನ್ನಡ ಬಾರದು, ಅವರೂ ನನ್ನ ಮಿರ್ಚಿ ತಿನ್ನುವವರೇ, ಒರೇ ಮಂಜಪ್ಪಾ, ಗಾಡಿ ಮುಚ್ಚು, ಬಾ, ಆವಿಡ, ಆ ಅಮ್ಮ, ಏನಂತಾಳೋ ಹೇಳು ಅಂದರು. ಹೋದೆ. ಖುಷಿಯಲ್ಲೇ ಹೋದೆ, ದೇವರೇ, ಪೊಲೀಸರಿಗೆ ನಾನು ಬೇಕಾದೆನಲ್ಲ ಎಂದು ಎದೆ ಉಬ್ಬಿಸಿಕೊಂಡು ಹೋದೆ. ರಾಜಕ್ಕ ಅಳುತ್ತಾ ಹೇಳಿದಳು, ಕಿಟಕಿಯಾಗೆ ಒಂದು ನೀರಿನ ಟ್ಯಾಂಕು ಕಾಣ್ತತಂತೆ ತಮ್ಮಾ, ಸೋರ್ತತಂತೆ, ತೊಟ್ ತೊಟ್ ಅಂತ ಬೀಳ್ತತಂತೆ, ಅದ್ರ ಸದ್ದಿಗೆ ಕಣ್ಣು ಮುಚ್ಚಾಕಾಗಲ್ಲ ಅಮ್ಮಾ ಅಂದ್ಲು ನನ್ ಕೂಸು. ಅಷ್ಟೇ ಹೇಳಿದ್ದು. ಸಾಹೇಬರು ಆಕಳಿಸಿದರು, ಪೆನ್ನಿನ ಮುಚ್ಚಳ ಹಾಕುತ್ತಿದ್ದರು, ಕಣ್ಣು ಆಗಲೇ ಬಾಗಿಲಲ್ಲಿ ನಿಂತ ಬೇರೆ ಯಾರ ಮೇಲೋ ಇತ್ತು, ಸೋರುವ ಟ್ಯಾಂಕು ಯಾವ ಊರಲ್ಲಿಲ್ಲ, ಇಷ್ಟಕ್ಕೇ ಬಿಟ್ಟರೆ ಈ ತಾಯಿಯ ಕಾಗದ ಇದೇ ಮೇಜಿನ ಮೇಲೆ ಕೊಳೆಯುತ್ತದೆ ಅನ್ನಿಸಿತು, ನಾಲಿಗೆ ಜಾರಿತು, ಜಾರಿತೇನು, ಅದಕ್ಕೆ ರೂಢಿ, ಗಾಡಿಯ ಮುಂದೆ ಜನ ಏಳಲು ನೋಡಿದಾಗ ಒಂದು ಚಿರತೆ ತಂದು ಕೂರಿಸುತ್ತದಲ್ಲ ಹಾಗೆ — ಟ್ಯಾಂಕು ಸಾರ್, ದೊಡ್ಡ ಟ್ಯಾಂಕು, ಅದರ ಮೇಲೆ ಆನೆ ಬರೆದಿದೆಯಂತೆ ಸಾರ್, ಸೊಂಡಿಲು ಎತ್ತಿದ ಆನೆ. ಸಾಹೇಬರು ತಲೆ ಎತ್ತಿದರು. ಪೆನ್ನು ಓಡಿತು. ಸೋರುವುದನ್ನು ನಾನು ಹೇಳಲೇ ಇಲ್ಲ. ಆನೆ ಬಂದ ಮೇಲೆ ತೊಟ್ಟು ನೀರು ಯಾರಿಗೆ ಬೇಕು.

ಆಮೇಲೆ ಆ ಆನೆ ಹೊರಟಿತು ನೋಡು, ವಿಶಾಖಪಟ್ಟಣದಿಂದ ವಿಜಯವಾಡಕ್ಕೆ, ಇಲ್ಲಿಂದ ದೆಹಲಿಗೆ, ಅಲ್ಲಿಂದ ನಮ್ಮ ಎಂಬಸಿಗೆ, ಎಂಬಸಿಯಿಂದ ಕಾಂಬೋಡಿಯಾ ಪೊಲೀಸರಿಗೆ, ನನಗೇ ಪಾಸ್‌ಪೋರ್ಟಿಲ್ಲ, ನನ್ನ ಆನೆ ಎಲ್ಲಾ ಸೀಲು ಹಾಕಿಸಿಕೊಂಡು ಸಮುದ್ರ ದಾಟಿತು, ಎಂದು ನಗಬೇಕು, ನಗು ಬರುತ್ತಿಲ್ಲ. ಇವತ್ತು ಇಲ್ಲಿನ ಭವಾನಿಪುರಂ ಲಾಡ್ಜಿನಿಂದ ನಮ್ಮನ್ನು ಕರೆದುಕೊಂಡು ಬರಲು ಜೀಪು ಬಂತು, ಜೀಪಿನಲ್ಲಿ ಕಾಮೇಶ್ವರ ಸಾಹೇಬರು, ನನ್ನ ಬೆನ್ನಿಗೆ ಗುದ್ದಿ, ಸಿಕ್ಕಿತು ಕಣೋ, ನಿನ್ನ ಆನೆ ಸಿಕ್ಕಿತು, ಎರಡು ದೇಶದ ಪೊಲೀಸರು ಸೇರಿ ಹುಡುಕಿದ್ದಾರೆ, ಇನ್ನು ಮೇಲೆ ಮಿರ್ಚಿಗೆ ರೇಟು ಜಾಸ್ತಿ ಮಾಡ್ತೀಯೇನೋ. ಸಿಕ್ಕಿತಾ. ಹೇಗೆ ಸಿಗುತ್ತದೆ. ನಾನು ಬಾಯಲ್ಲಿ ಬರೆದ ಆನೆ ಯಾರದೋ ಗೋಡೆಯೊಳಗೆ ಹೇಗೆ ನಿಂತುಕೊಂಡಿತು. ರಾಜಕ್ಕ, ಏನಂತಾರೆ ತಮ್ಮಾ ಅಂದಳು, ಜಾಗ ಸಿಕ್ಕೈತಂತೆ ಅಕ್ಕಾ ಅಂದೆ, ಅವಳು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು, ಆ ಕೈ ಇನ್ನೂ ಒದ್ದೆ ಇದ್ದ ಹಾಗೇ ಇದೆ, ಪ್ಯಾಂಟಿಗೆ ಎಷ್ಟು ಒರೆಸಿದರೂ. ಅಲ್ಲೇ ಹೇಳಬೇಕಿತ್ತು. ಹೆಂಡತಿ ಲೀಲಾವತಿ ಯಾವಾಗಲೂ ಅನ್ನುತ್ತಾಳೆ, ನಿಮ್ಮ ಬಾಯಿಗೆ ಪೊಲೀಸರೇ ಬೀಗ ಹಾಕ್ಬೇಕು ನೋಡ್ರಿ, ಹಾಕುತ್ತಾರೆ ಲೀಲಾ, ಸುಳ್ಳು ಸಾಕ್ಷಿ ಅಂತ ಒಳಗೆ ಹಾಕುತ್ತಾರೆ, ಗಾಡಿ ಹೋಗುತ್ತದೆ, ಆದರೆ ಒಂದು ವೇಳೆ, ಒಂದು ವೇಳೆ ಅದೇ ಟ್ಯಾಂಕು ಸೋರುತ್ತಲೂ ಇದ್ದರೆ, ಆನೆಯೂ ಇದ್ದು ತೊಟ್ ತೊಟ್ಟೂ ಇದ್ದರೆ, ದೇವರು ನನ್ನ ಬಾಯಲ್ಲಿ ಕೂತು ಆಡಿಸಿದ್ದರೆ — ಹಾಗೂ ಆಗಬಹುದಲ್ಲ, ಆಗಲಿ, ಸಿಂಹಾಚಲಂ ದೇವರೇ, ಅಪ್ಪಾ ಸಿಂಹಾದ್ರಿ ಅಪ್ಪನ್ನಾ, ಇದೊಂದು ಸಲ ನನ್ನ ಸುಳ್ಳನ್ನು ನಿಜ ಮಾಡು.

ಟೀವಿಯಲ್ಲಿ ಇನ್ನೊಂದು ಚೌಕ ತೆರೆಯಿತು, ಎಂಬಸಿಯ ಸಾಹೇಬರು, ಟೈ ಕಟ್ಟಿದವರು, ಇನ್ನೊಂದರಲ್ಲಿ ಓಡುವ ವ್ಯಾನಿನೊಳಗೆ ಆ ದೇಶದ ಆಫೀಸರು, ಹೆಲ್ಮೆಟ್ಟುಗಳು, ಮೊಣಕಾಲುಗಳು, ಇನ್ಸ್‌ಪೆಕ್ಟರ್ ಲಕ್ಷ್ಮೀಪ್ರಸನ್ನ ಮೇಡಂ ಅವರೆಲ್ಲರ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡಿ ನನ್ನ ಕಡೆ ತಿರುಗಿದರು, ಅಮ್ಮನಿಗೆ ಹೇಳಪ್ಪ, ಅಲ್ಲಿ ಇಂಥ ಕಾಂಪೌಂಡುಗಳು ಸಾಲಾಗಿ ಇದಾವೆ, ಅವರ ಕೋರ್ಟು ಒಂದಕ್ಕೆ ಮಾತ್ರ ಪರ್ಮಿಷನ್ ಕೊಟ್ಟಿದೆ, ಒಂದು ಗೇಟು ಒಡೆದರೆ ಉಳಿದವರಿಗೆಲ್ಲ ಗೊತ್ತಾಗಿಬಿಡುತ್ತೆ, ಹುಡುಗಿಯರನ್ನ ವ್ಯಾನಿಗೆ ತುಂಬಿ ಇನ್ನೊಂದು ದೇಶಕ್ಕೆ ಸಾಗಿಸಿಬಿಡ್ತಾರೆ, ಆಮೇಲೆ ಯಾರಿಗೂ ಸಿಗಲ್ಲ, ಅದಕ್ಕೆ ಒಳಗೆ ನುಗ್ಗೋ ಮುಂಚೆ ಆಕೆ ಒಂದು ಸಲ ನೋಡಿ ಹೇಳಲಿ. ನನ್ನ ಕಿವಿಯೊಳಗೆ ಎಣ್ಣೆ ಕುದಿಯುವ ಸದ್ದು. ಪರದೆ ಅಲುಗಾಡಿತು, ಮುಳ್ಳುತಂತಿ, ಗೋಡೆ, ಗೋಡೆಯ ಮೇಲೆ ಟ್ಯಾಂಕು, ಟ್ಯಾಂಕಿನ ಮೇಲೆ ಅದು — ನೀಲಿ ಬಣ್ಣದ ಆನೆ, ಸೊಂಡಿಲು ಎತ್ತಿ, ನಾನು ಹೇಳಿದ ಹಾಗೇ, ಯಾವುದೋ ನೀರಿನ ಕಂಪನಿಯ ಗುರುತಿರಬೇಕು, ನನ್ನನ್ನೇ ನೋಡುತ್ತಿದೆ. ರಾಜಕ್ಕಾ, ಇದೇನಾ, ಕೇಳುತ್ತಿದ್ದಾರೆ. ಅವಳು ಕುರ್ಚಿಯಿಂದ ಎದ್ದು ಟೀವಿಯ ಹತ್ತಿರ ಹೋದಳು, ಆನೆನಾ, ಯಾವ ಆನೆ, ಹಂಸಾ ಆನೆ ಅಂದೇ ಇಲ್ಲಲ್ಲಪ್ಪಾ, ಸೋರ್ತತಿ ಅಂದಿದ್ದು, ಇದು ಸೋರ್ತತೇನು ಕೇಳು, ಕೇಳಪ್ಪಾ ಅವ್ರನ್ನ. ಏಮಂಟುಂದಿ, ಏನಂತಾಳೆ, ಮೇಡಂ ಕೇಳುತ್ತಿದ್ದಾರೆ, ಕಾಮೇಶ್ವರ ಸಾಹೇಬರು ಇನ್ನೂ ನಗುತ್ತಲೇ ಇದ್ದಾರೆ, ಹೂಂ ಅಂದಳು ಅಂತ ಹೇಳಪ್ಪಾ ಅನ್ನುತ್ತಾರೆ. ಒಂದು ಹೂಂ ಸಾಕು, ನನ್ನ ಸುಳ್ಳು ಉಳಿಯುತ್ತದೆ. ಟ್ಯಾಂಕಿನ ಕೆಳಗೆ ಗೋಡೆ ನೋಡುತ್ತೇನೆ, ಪಾಚಿ ಇದೆಯಾ, ಒದ್ದೆ ಇದೆಯಾ, ಒಂದು ಹಸಿರು ಗೆರೆ ಇದ್ದರೂ ಸಾಕು, ಇಲ್ಲ, ಗೋಡೆ ಒಣಗಿ ಬೆಳ್ಳಗಿದೆ, ಬಿಸಿಲು ಹೊಡೆಯುತ್ತಿದೆ, ಹಂಸಾ ಬೇರೆಲ್ಲೋ ತೊಟ್ ತೊಟ್ ಕೇಳುತ್ತಾ ಕೂತಿದ್ದಾಳೆ. ಆವಿಡ ಅಲ್ಲ ಅಂತಾಳೆ ಮೇಡಂ. ಆನೆ ಅವಳದಲ್ಲ. ಆನೆ ನಾನು ಸೇರಿಸಿದ್ದು ಮೇಡಂ, ಆ ಹುಡುಗಿ ಹೇಳಿದ್ದು ಸೋರುವ ಟ್ಯಾಂಕು, ಬರೀ ಸೋರುವ ಟ್ಯಾಂಕು — ನನ್ನ ಜೀವಮಾನದಲ್ಲಿ ಇಷ್ಟು ಚಿಕ್ಕದಾಗಿ ನಾನು ಯಾವ ಮಾತೂ ಆಡಿಲ್ಲ. ಸಾಹೇಬರ ನಗು ಹಾಗೇ ನಿಂತಿತು. ಮೇಡಂ ನನ್ನನ್ನು ನೋಡಲೂ ಇಲ್ಲ, ಮೈಕು ಎಳೆದುಕೊಂಡರು, ಸ್ಟಾಪ್, ಸ್ಟಾಪ್ ದೆಮ್, ರಾಂಗ್ ಪ್ಲೇಸ್, ಎಂಬಸಿಯ ಸಾಹೇಬರ ಬಾಯಿ ಅರ್ಧ ತೆರೆದಿದೆ, ತೆರೆದೇ ಇದೆ, ಮುಚ್ಚುತ್ತಿಲ್ಲ, ವ್ಯಾನಿನ ಬಾಗಿಲಿನಿಂದ ಒಂದು ಬೂಟು ಹೊರಗೆ ಇಳಿದಿದೆ, ನೆಲ ಮುಟ್ಟುತ್ತಿಲ್ಲ. ಹಲೋ, ಹಲೋ, ಕೇಳಿಸ್ತಾ ಇದೆಯಾ. ಯಾರೋ ನೆಟ್ ಹೋಯ್ತು ಅನ್ನುತ್ತಾ ತಂತಿ ಅಲ್ಲಾಡಿಸುತ್ತಿದ್ದಾರೆ. ಏನಾತು ತಮ್ಮಾ, ನಿಂತ್ರಾ ಅವ್ರು, ನಿಂತ್ರಾ, ರಾಜಕ್ಕನ ಕೈ ಪರದೆಯ ಮೇಲೆ, ಗೊತ್ತಿಲ್ಲ ಅಕ್ಕಾ, ಹೋಗಿ ಮುಟ್ಟಿತೋ ಇಲ್ಲವೋ ಆ ಮಾತು, ಗೊತ್ತಿಲ್ಲ, ಅವಳ ಬೆರಳುಗಳ ನಡುವೆ ಆನೆ, ಸೊಂಡಿಲು ಎತ್ತಿದ್ದು ಎತ್ತಿದ ಹಾಗೇ, ಹಣೆಯ ಮೇಲೆ ಒಂದು ಬಿಳಿ ಬಳೆ, ಸುತ್ತುತ್ತಿದೆ, ಸುತ್ತುತ್ತಿದೆ, ಆನೆ ಕದಲುತ್ತಿಲ್ಲ