ಏಳನೆಯ ಸಾಲು

ಹಳದಿ ಚುಕ್ಕೆ, ಹೆಂಡತಿಯ ಸೈಕಲ್ ಅಂಗಿ, ತಿರುವಿನಲ್ಲಿ ಮರೆಯಾಯಿತು, ಮರಗಳ ಸಂದಿಯಲ್ಲಿ ಇನ್ನೊಮ್ಮೆ ಮಿನುಗಿತು, ಹೋಯಿತು — ಹೋದಳು, ತಿರುಗಿಯೂ ನೋಡಲಿಲ್ಲ, ಯಾಕೆ ನೋಡುತ್ತಾಳೆ, ಬೆಟ್ಟದ ಮೇಲೆ ಕಾಯುವವನೊಬ್ಬ ಇದ್ದಾನಲ್ಲ, ಅವನು ಎಲ್ಲಿಗೂ ಎದ್ದು ಹೋಗುವವನಲ್ಲ, ಇಪ್ಪತ್ತೆರಡು ವರ್ಷದಿಂದ ಅದೇ ಕಲ್ಲು, ಅದೇ ಜಾಗ, ಮೇಲಿನಿಂದ ಏಳನೆಯ ಸಾಲು. ಇವನು ಸೈಕಲ್ಲಿನ ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ, ಗಟ್ಟಿಯಾಗಿದೆ, ಒಂದು ಗುಟುಕು ಗಾಳಿಯೂ ಇಳಿದಿಲ್ಲ, ಇಳಿಯುವುದಕ್ಕೆ ಅದಕ್ಕೇನು ಬಂದಿದೆ ರೋಗ, ಗಾಳಿ ಇಳಿದಿದೆ, ನೀವೆಲ್ಲ ಹೋಗ್ತಾ ಇರಿ, ನಾನು ಹೇಗೂ ಕೊನೆಗೇ ಬರೋನು, ಎಂದು ಅಂದದ್ದು ಇವನೇ, ಪ್ರತಿ ಭಾನುವಾರ ಜೊತೆಗೆ ಸೈಕಲ್ ತುಳಿಯುವ ಬೇಕರಿಯವನು ನಕ್ಕ, ನಿಮ್ಮ ಹೊಟ್ಟೇಲಿರೋ ಗಾಳೀನೇ ಸ್ವಲ್ಪ ಟೈರಿಗೆ ಬಿಡಿ ಸರ್, ಮೇಷ್ಟ್ರು ಶಾಲೆಯ ಗೋಡೆಯ ಯುದ್ಧಕಾಲದ ಗುಂಡಿನ ತೂತುಗಳ ಮೇಲೆ ಕೂರಿಸಿರುವ ಹಿತ್ತಾಳೆ ಫಲಕಕ್ಕೆ ಇನ್ನೊಮ್ಮೆ ತಲೆ ಬಾಗಿ ಸೈಕಲ್ ಹತ್ತಿದರು, ಅವಳು ಮಾತ್ರ ನಗಲಿಲ್ಲ, ನಾನು ನಿಲ್ಲಲಾ ರೀ, ಎಂದಳು, ಬೇಡ ಹೋಗು, ಎಂದ, ಹೋದಳು. ಒಂದೇ ಒಂದು ಸಲ ಬೇಡ ಎಂದರೆ ಸಾಕು ಇವಳಿಗೆ.

ರೀ. ಹದಿನೆಂಟು ವರ್ಷದ ಸಂಸಾರದಲ್ಲಿ ಅವಳ ಬಾಯಲ್ಲಿ ಇವನು ಬರೀ ರೀ, ಊಟಕ್ಕೆ ಬನ್ನಿ ರೀ, ಗ್ಯಾಸ್ ಆಫ್ ಮಾಡಿ ರೀ, ಬೇರೆಯವರ ಮುಂದೆ ನಮ್ಮನೆಯವರು, ಫೋನಿನಲ್ಲಿ ಇವ್ರು, ಹೆಸರು ಅನ್ನುವುದೊಂದು ಇದ್ದರೆ ಅದು ಕನ್ನಡಕದ ಅಂಗಡಿಯ ಬೋರ್ಡಿನ ಮೇಲೆ, ಅವಳ ಅಮ್ಮನೂ ಹೀಗೇ, ಅಜ್ಜಿಯೂ ಹೀಗೇ, ಗಂಡನ ಹೆಸರು ನಾಲಿಗೆಗೆ ಬರೋದೇ ಇಲ್ಲ ಕಣ್ರೀ, ಏನೋ ಒಂಥರಾ ಆಗುತ್ತೆ, ಎಂದು ಮದುವೆಯಾದ ಹೊಸತರಲ್ಲಿ ಕೆನ್ನೆ ಕೆಂಪಗೆ ಮಾಡಿಕೊಂಡು ಹೇಳಿದ್ದಳು, ಆಗ ಅದು ಸಿಹಿಯಾಗಿತ್ತು. ಆದರೆ ಅವನ ಹೆಸರು ಬರುತ್ತಿತ್ತಲ್ಲ, ಆ ಸತ್ತವನದು, ನೀರು ಕುಡಿದಷ್ಟು ಸಲೀಸಾಗಿ, ಈ ಏರಿನಲ್ಲಿ ಅವನು ಒಂದು ಸಲವೂ ಸೀಟಿನಿಂದ ಏಳ್ತಿರ್ಲಿಲ್ಲ ಗೊತ್ತಾ, ರೇಸಲ್ಲಿ ಎರಡು ಸಲ ಗೆದ್ದಿದ್ದ ಗೊತ್ತಾ — ಗೊತ್ತು ತಾಯಿ, ಗೊತ್ತು, ನಿನಗೂ ಅವನಿಗೂ ನಿಶ್ಚಯವಾಗಿತ್ತು, ಯುದ್ಧ ಶುರುವಾಗಿ ಮೂರನೇ ತಿಂಗಳಿಗೆ ಇದೇ ಬೆಟ್ಟದ ನೆತ್ತಿಯ ಮೇಲೆ ಹದಿಮೂರು ಜನರ ಜೊತೆ ಹೋದ, ಎಲ್ಲಾ ಗೊತ್ತು, ಸತ್ತ ಎಮ್ಮೆಗೆ ಹತ್ತು ಸೇರು ಹಾಲು. ಅವನು ಗಂಡನಾಗಲಿಲ್ಲ, ಆದ್ದರಿಂದ ಅವನಿಗೆ ಹೆಸರಿದೆ. ಇವನು ಗಂಡನಾದ, ಇವನಿಗೆ ರೀ.

ಎದ್ದ. ಸೈಕಲ್ಲನ್ನು ಹೆಗಲಿಗೆ ಹಾಕಿದ. ರಸ್ತೆ ಏಳು ತಿರುವು ಸುತ್ತಿ ಆರು ಕಿಲೋಮೀಟರು ಹೋಗುತ್ತದೆ, ಮರದ ದಿಮ್ಮಿ ಎಳೆಯುವವರ ಮಣ್ಣು ದಾರಿ ಮಾತ್ರ ನೆಟ್ಟಗೆ ಬೆಟ್ಟ ಹತ್ತುತ್ತದೆ, ಹೋದ ವಾರ ಅಂಗಡಿಗೆ ಬಂದ ಮರ ಕಡಿಯುವವನ ಕಣ್ಣು ಪರೀಕ್ಷೆ ಮಾಡುತ್ತಾ ಕೇಳಿಕೊಂಡಿದ್ದ, ಇದರಲ್ಲಿ ಚೆನ್ನಾಗಿ ಕಾಣುತ್ತಾ, ಇದರಲ್ಲಾ, ಕೆಂಪಿನ ಮೇಲಿರೋ ಚುಕ್ಕೆ ಸ್ಪಷ್ಟನಾ, ಹಸಿರಿನ ಮೇಲಿರೋದಾ, ಅಂದಹಾಗೆ ಆ ದಾರೀಲಿ ಸೈಕಲ್ ಹೊತ್ಕೊಂಡು ಹೋಗಬಹುದಾ — ಹುಚ್ಚು ಹಿಡಿದವ್ರು ಹೋಗಬಹುದು ಡಾಕ್ಟ್ರೇ, ಎಂದಿದ್ದ ಅವನು. ಹಿಡಿದಿದೆ. ನಲವತ್ತೊಂಬತ್ತನೇ ವಯಸ್ಸಿನಲ್ಲಿ, ಸೈಕಲ್ಲಿನ ಬೂಟು ಹಾಕಿಕೊಂಡು, ಪೆಡಲ್ಲಿನ ಏಟು ಹೆಜ್ಜೆಗೊಮ್ಮೆ ಬೆನ್ನಿಗೆ ತಿನ್ನುತ್ತಾ, ಸತ್ತವನೊಬ್ಬನ ಮೇಲೆ ಹೊಟ್ಟೆಕಿಚ್ಚು ಪಡಲು ಬೆಟ್ಟ ಹತ್ತುವವನಿಗೆ ಬೇರೆ ಏನೆನ್ನಬೇಕು, ಬದುಕಿದ್ದವನಾದರೆ ಒಂದು ದಿನ ಎದುರಿಗೆ ನಿಂತು ಏನಯ್ಯಾ ನಿನ್ನ ಸಮಾಚಾರ ಅನ್ನಬಹುದು, ಅವನಿಗೂ ಕೂದಲು ಉದುರುತ್ತದೆ, ಅವನೂ ಒಂದು ದಿನ ಅಂಗಡಿಗೆ ಬಂದು ಹತ್ತಿರದ್ದು ಕಾಣ್ತಿಲ್ಲ ಸರ್ ಅನ್ನುತ್ತಾನೆ, ಈ ಸತ್ತವನಿಗೋ ಸಾವಿಲ್ಲ, ಯಾವಾಗ ನೋಡಿದರೂ ಇಪ್ಪತ್ನಾಲ್ಕು.

ಅದೆಲ್ಲ ಇರಲಿ, ಆ ನಾಲ್ಕು ನಿಮಿಷ. ನಿಯಮ ಮೇಷ್ಟ್ರದು, ಕಲ್ಲಿನಲ್ಲಿ ಹೆಸರು ಕೆತ್ತಿರುವ ಹದಿನಾಲ್ಕು ಹುಡುಗರಿಗೂ ಮಗ್ಗಿ ಕಲಿಸಿದವರು ಅವರು, ಭಾನುವಾರ ಬೆಟ್ಟದ ಕಲ್ಲಿಗೆ ಮೊದಲು ಬಂದವರು ಎಲೆ ಪಾಚಿ ತೆಗೆದು ಒರೆಸಬೇಕು, ಕೊನೆಗೆ ಬಂದವರು ಹೆಸರು ಓದಬೇಕು, ಹದಿನಾಲ್ಕೂ, ಗಟ್ಟಿಯಾಗಿ. ಕೊನೆಯವರೇ ಯಾಕೆ ಮೇಷ್ಟ್ರೇ, ಎಂದು ಬೇಕರಿಯವನು ಕೇಳಿದ್ದಕ್ಕೆ, ಕೊನೆಗೆ ಬಂದೋನಿಗೆ ಉಸಿರು ಸಾಲ್ತಿರಲ್ಲ ನೋಡು, ಆ ಹೆಸರು ಓದೋವಾಗ ಉಸಿರು ಸ್ವಲ್ಪ ಕಷ್ಟ ಆಗ್ಬೇಕಪ್ಪ, ಎಂದಿದ್ದರು. ಒರೆಸುವುದು ಯಾವಾಗಲೂ ಅವಳು, ಶಾಲೆಯಲ್ಲಿ ಮಕ್ಕಳಿಗೆ ಡ್ರಿಲ್ ಮಾಡಿಸುವ ಕಾಲುಗಳು ಅವು, ಕೊನೆಯ ಎರಡು ತಿರುವಿನಲ್ಲಿ ಎಲ್ಲರನ್ನೂ ಬಿಟ್ಟು ಹಾರುತ್ತಾಳೆ, ಓದುವುದು ಯಾವಾಗಲೂ ಇವನು, ಏದುಸಿರು ಬಿಡುತ್ತಾ ಹೆಂಡತಿಯ ಹಳೆಯ ಹುಡುಗನ ಹೆಸರನ್ನು ಜಗತ್ತಿಗೆಲ್ಲ ಸಾರುವ ಭಾಗ್ಯ. ಬೇಕರಿಯವನು ಮೇಲೆ ಮುಟ್ಟುವುದಕ್ಕೆ ಮುಂಚಿನ ನಾಲ್ಕು ನಿಮಿಷ ಅವಳು ಕಲ್ಲಿನ ಜೊತೆ ಒಬ್ಬಳೇ. ಇವನು ಬರುವ ಹೊತ್ತಿಗೆ ಕಾಣುವುದು ಅವಳ ಬಲಗೈಯ ಗ್ಲೌಸ್, ಬಿಚ್ಚಿಟ್ಟದ್ದು, ಕಲ್ಲಿನ ಎಡಗಡೆಯ ಕಟ್ಟೆಯ ಮೇಲೆ, ಪ್ರತಿ ಭಾನುವಾರ ಅದೇ ಜಾಗ. ಒರೆಸಲು ಬಟ್ಟೆ ತಂದಿರುತ್ತಾಳಲ್ಲ, ಗ್ಲೌಸ್ ಯಾಕೆ ಬಿಚ್ಚಬೇಕು, ಬರಿಗೈಯಲ್ಲಿ ಮುಟ್ಟುವುದಕ್ಕಲ್ಲದೆ? ಕೇಳಬಹುದಿತ್ತು. ಹದಿನೆಂಟು ವರ್ಷ ಕೇಳದೆ ಉಳಿದದ್ದನ್ನು ಈಗ ಯಾವ ಬಾಯಲ್ಲಿ ಕೇಳುವುದು, ಅವಳು ಹೌದು ಅಂದುಬಿಟ್ಟರೆ ಮನೆಗೆ ಹೋಗಿ ಯಾವ ಮುಖ ಇಟ್ಟುಕೊಂಡು ಅನ್ನ ಬಡಿಸಿಕೊಳ್ಳುವುದು. ಒಂದೇ ಒಂದು ಸಲ ಮೊದಲು ಹೋಗಿ, ಮರದ ಮರೆಯಲ್ಲಿ ನಿಂತು ನೋಡಬೇಕು, ಅಷ್ಟೇ, ಅವಳಿಗೆ ಮೊದಲು ಯಾರು, ಕಲ್ಲೋ ತಾನೋ, ಇದರಲ್ಲಿ ಸ್ಪಷ್ಟನಾ, ಇದರಲ್ಲಾ.

ಮೇಲೆ ಗಾಳಿ. ಯಾರೂ ಇಲ್ಲ. ಸೈಕಲ್ಲನ್ನು ಪೊದೆಯ ಹಿಂದೆ ಮಲಗಿಸಿದ, ಮೊಣಕೈ ಪರಚಿ ರಕ್ತ, ಬಾಯೆಲ್ಲ ಒಣಗಿ ಹಪ್ಪಳ, ಕಲ್ಲು ಇವನಷ್ಟೇ ಎತ್ತರ, ವಾರದ ಎಲೆ ಬಿದ್ದಿದೆ. ಏಳನೆಯ ಸಾಲಿಗೆ ಬೆರಳು ಇಟ್ಟು ನೋಡಿದ, ಮುಟ್ಟಿ ಮುಟ್ಟಿ ಸವೆದಿರಬೇಕು ಎಂದುಕೊಂಡಿದ್ದ, ಸವೆದಿಲ್ಲ, ಆರನೆಯದರ ಹಾಗೇ ಇದೆ, ಎಂಟನೆಯದರ ಹಾಗೇ ಪಾಚಿ ಕಟ್ಟಿದೆ, ಅಂಗಡಿಯ ಚಾರ್ಟಿನಲ್ಲೂ ಏಳನೆಯ ಸಾಲೇ ಕೊನೆಯದು, ಅದನ್ನು ಓದಿದರೆ ಕಣ್ಣು ಸರಿ ಎಂದು ಲೆಕ್ಕ, ತನ್ನ ಕಣ್ಣಿಗೆ ಏನಾಗಿದೆ. ಗ್ಲೌಸ್ ಇಡುವ ಜಾಗಕ್ಕೆ ಹೋದ, ಕಟ್ಟೆಯ ಮೇಲೆ ಬಲಗೈ ಊರಿದ, ಊರಿದರೆ ಕಲ್ಲಿಗೆ ಬೆನ್ನಾಗುತ್ತದೆ — ಬೆನ್ನು? — ಮುಖ ಕೆಳಗೆ, ಇಲ್ಲಿಂದ ಮರಗಳ ನಡುವೆ ರಸ್ತೆಯ ಏಳು ತಿರುವುಗಳಲ್ಲಿ ಐದು ಬಿಚ್ಚಿಟ್ಟ ಹಾಗೆ ಕಾಣುತ್ತವೆ, ಕೊನೆಗೆ ಬರುವವನೊಬ್ಬ ಎಲ್ಲಿ ಕಾಲು ಊರಿದ, ಎಲ್ಲಿ ನೀರು ಕುಡಿದ, ಎಲ್ಲಾ ಕಾಣುತ್ತದೆ, ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಕೈ ಅಡ್ಡ ಹಿಡಿಯಬೇಕು. ಹಿಡಿಯಬೇಕಾದರೆ ಬೆವರಿನ ಗ್ಲೌಸ್ ಬಿಚ್ಚಬೇಕು.

ಇಲ್ಲಿ ನಿಂತು ನನ್ನ ದಾರಿ ನೋಡುತ್ತಿದ್ದಳಾ, ಇರಲಿಕ್ಕಿಲ್ಲ, ಸುಮ್ಮನೆ ನಾನೇ ಒಳ್ಳೆಯದನ್ನು ಅಂದುಕೊಳ್ಳುತ್ತಿದ್ದೇನೆ, ಎಂದಿತು ಹೊಟ್ಟೆಯೊಳಗಿನ ಕಿಚ್ಚು, ಅದು ಅಷ್ಟು ಬೇಗ ಆರುವ ಜಾತಿಯದಲ್ಲ, ಅಷ್ಟರಲ್ಲಿ ನಾಲ್ಕನೆಯ ತಿರುವಿನಲ್ಲಿ ಹಳದಿ ಚುಕ್ಕೆ. ನಿಂತಿದೆ. ಯಾಕೆ ನಿಂತಿದೆ, ಎಂದೂ ನಿಲ್ಲದ ಜಾಗದಲ್ಲಿ? ಬೇಕರಿಯವನ ಕೆಂಪು ಅಂಗಿ ಅವಳನ್ನು ದಾಟಿತು, ಮೇಷ್ಟ್ರ ಬಿಳಿ ಟೋಪಿ ನಿಧಾನಕ್ಕೆ ದಾಟಿತು, ಅವಳು ಕೈ ಬೀಸಿ ನೀವು ನಡೀರಿ ಎಂದಳು, ಕೆಳಗೆ ನೋಡಿದಳು, ಇನ್ನೂ ನೋಡಿದಳು, ಸೈಕಲ್ ತಿರುಗಿಸಿದಳು. ಹಳದಿ ಚುಕ್ಕೆ ಕೆಳಗೆ ಇಳಿಯತೊಡಗಿತು. ಎಲ್ಲಿಗೆ ಹೋಗ್ತಿದ್ದಾಳೆ ಇವಳು, ಯಾರ ಹತ್ತಿರ, ಎಂದು ಮೊದಲು ಬಂದದ್ದು ಅದೇ ಯೋಚನೆ, ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ, ಆಮೇಲೆ ಹೊಳೆಯಿತು. ನನ್ನ ಹತ್ತಿರ. ಕೆಳಗಿರುವ ನನ್ನ ಹತ್ತಿರ. ಕೂಗಬೇಕಿತ್ತು. ಬಾಯಿ ತೆರೆದ, ಗಾಳಿ ಎದುರಿನಿಂದ ಬಂತು, ಮುಚ್ಚಿದ — ಗಾಳಿಯ ನೆಪ ಬೇಡ, ಕೂಗಲಿಲ್ಲ, ಒಳಗೆ ಒಂದು ಸಣ್ಣ ಖುಷಿ ತಲೆ ಎತ್ತಿತ್ತು, ಹುಡುಕಲಿ, ಒಂದು ಸಲ ನನ್ನನ್ನೂ ಹುಡುಕಲಿ, ಇಪ್ಪತ್ತೆರಡು ವರ್ಷ ಅವನಿಗೆ ಕೊಟ್ಟವಳು ನನಗೊಂದು ಅರ್ಧ ಗಂಟೆ ಕೊಡಲಿ. ಕಟ್ಟೆಯ ಮೇಲೆ ಕೂತ. ಜೇಬಿನಿಂದ ಬಿಸ್ಕತ್ತು ತೆಗೆದ. ಹಳದಿ ಚುಕ್ಕೆ ಮೂರನೆಯ ತಿರುವು, ಎರಡನೆಯ ತಿರುವು, ಅಲ್ಲಿ ಇಳಿದು ಕಾಲುವೆಯಂಚಿಗೆ ಬಗ್ಗಿ ನೋಡಿತು, ಮತ್ತೆ ಹತ್ತಿತು, ಕಾಡಿನೊಳಗೆ ಹೋಯಿತು. ಬಿಸ್ಕತ್ತು ರುಚಿಯಾಗಿತ್ತು. ಅದನ್ನು ಹೇಗೆ ಮರೆಯುವುದು, ಅಷ್ಟು ರುಚಿಯಾಗಿತ್ತು.

ಅಯ್ಯೋ ನೀವಿಲ್ಲಿ, ಎಂದ ಬೇಕರಿಯವನು, ಸೈಕಲ್ ಕೈಬಿಟ್ಟು ದಡಕ್ಕನೆ ಬೀಳಿಸಿ, ಅವ್ರು ನಿಮ್ಮನ್ನ ಹುಡ್ಕೊಂಡು ವಾಪಸ್ ಹೋದ್ರಲ್ಲ ಸರ್, ಟೈರ್ ಕೈಕೊಟ್ಟು ಎಲ್ಲೋ ಬಿದ್ದಿದಾರೆ ಅಂತ ಮುಖ ಇಷ್ಟಾಗಿತ್ತು, ನಾನು ಹೋಗಿ ಕರೀಲಾ. ಬೇಡ, ಬರ್ತಾಳೆ ಬಿಡಿ, ಅವಳಿಗೇನು ಈ ದಾರಿ ಹೊಸದಾ — ಇದು ತನ್ನದೇ ದನಿ, ಗ್ರಾಹಕರಿಗೆ ನಾಡಿದ್ದು ಬನ್ನಿ ಅನ್ನುವ ದನಿ. ಮೇಷ್ಟ್ರು ಬಂದು ಇವನ ಕಾಲಿನ ಕೆಸರು ನೋಡಿದರು, ಪೊದೆಯ ಹಿಂದಿನ ಸೈಕಲ್ ನೋಡಿದರು, ಮಗ್ಗಿ ತಪ್ಪಿದವನನ್ನು ನೋಡುವ ಹಾಗೆ ಇವನನ್ನು ನೋಡಿದರು, ತಾವೇ ಎಲೆ ಗುಡಿಸಿ ಕಲ್ಲು ಒರೆಸಿದರು. ಹತ್ತು ನಿಮಿಷ. ಇಪ್ಪತ್ತು. ಕಾಡಿನಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ಇದ್ದಿದ್ದರೆ ಮಾಡುತ್ತಿದ್ದೆನಾ, ಮಾಡುತ್ತಿದ್ದೆ, ಮೂವತ್ತೈದು ನಿಮಿಷ ಆದಾಗ ಖುಷಿ ಎಲ್ಲಿತ್ತು ಎಂದು ಹುಡುಕಿದರೆ ಸಿಗಲಿಲ್ಲ, ಹೊಟ್ಟೆಯಲ್ಲಿ ಬಿಸ್ಕತ್ತು ಕಲ್ಲಾಗಿತ್ತು, ಎದ್ದು ಹೆಲ್ಮೆಟ್ ಹಾಕಿಕೊಂಡ, ಈಗ ನಾನೇ ಇಳಿಯುತ್ತೇನೆ, ಇಳಿದು ಹೇಳುತ್ತೇನೆ ತಪ್ಪಾಯಿತು ಎಂದು, ಅಷ್ಟರಲ್ಲಿ ಹಳದಿ ಅಂಗಿ ಕೊನೆಯ ತಿರುವು ತಿರುಗಿತು, ಹಾರುತ್ತಿಲ್ಲ, ಸೀಟಿನಿಂದ ಎದ್ದು, ತೂರಾಡುತ್ತಾ, ಇವನು ಬರುವ ಹಾಗೆ ಬಂದಳು.

ನೋಡಿದಳು. ಬೈಯುತ್ತಾಳೆ ಎಂದುಕೊಂಡ, ಬೈದರೆ ಸಾಕು ಎಂದುಕೊಂಡ, ಬೈದರೆ ಮುಗಿಯುತ್ತದೆ. ಬಂದ್ರಾ, ಎಂದಳು, ಅಷ್ಟೇ, ಆ ಒಂದು ಮಾತಿನಲ್ಲೂ ದನಿ ಇರಲಿಲ್ಲ, ಗಂಟಲು ಹರಿದು ಹೋಗಿತ್ತು, ಮೈದಾನದ ಆ ಕೊನೆಯಲ್ಲಿರುವ ಮಕ್ಕಳನ್ನು ಸೀಟಿ ಇಲ್ಲದೆ ಕರೆಯುವ ಗಂಟಲು. ಒಳದಾರಿ ಇತ್ತು, ಎಂದ. ಹೌದಾ, ಎಂದಳು. ಶಾಲೆ ಗೋಡೆ ತನಕ ಹೋದೆ, ಅಲ್ಲಿ ಇರಲಿಲ್ಲ ನೀವು, ಆಮೇಲೆ ಪ್ರತಿ ತಿರುವಲ್ಲೂ ಕೆಳಗಿಳಿದು ಕೂಗ್ದೆ, ಎಂದಳು, ಇವನಿಗಲ್ಲ, ಮೇಷ್ಟ್ರಿಗೆ. ಮೊಣಕಾಲ ತುಂಬ ಮುಳ್ಳಿನ ಗೀರು. ಇವತ್ತು ಓದೋದು ಬೇಡ ಬಿಡಿ ಮೇಷ್ಟ್ರೇ, ಎಂದ ಬೇಕರಿಯವನು, ಅವಳು ತಲೆ ಅಲ್ಲಾಡಿಸಿದಳು, ಕೊನೆಗೆ ಬಂದವಳು ನಾನು, ನಿಯಮ ನಿಯಮಾನೇ, ಮತ್ತು ಕಲ್ಲಿನ ಮುಂದೆ ಹೋಗಿ ನಿಂತಳು, ಎರಡೂ ಕೈಯಲ್ಲಿ ಗ್ಲೌಸ್ ಹಾಗೇ ಇತ್ತು.

ಈಗ ಕೇಳುತ್ತೇನೆ, ಥೂ, ಇಷ್ಟಾದ ಮೇಲೂ ಕಿವಿ ನೆಟ್ಟಗಾಯಿತಲ್ಲ, ನಾಯಿಬಾಲ ಡೊಂಕೇ, ಈಗ ಕೇಳುತ್ತೇನೆ ಏಳನೆಯದನ್ನು ಅವಳು ಹೇಗೆ ಹೇಳುತ್ತಾಳೆ ಎಂದು, ಮೆತ್ತಗೆ ಹೇಳುತ್ತಾಳೋ, ಸ್ವಲ್ಪ ತಡೆದು ಹೇಳುತ್ತಾಳೋ, ಒಂದು, ಎಂದು ಎಣಿಸಿದ, ಎರಡು, ಮೂರು, ಹರಿದ ಗಂಟಲಿನಿಂದ ಹೆಸರು ಗಾಳಿಯಷ್ಟೇ ಹೊರಬರುತ್ತಿತ್ತು, ಅವಳು ಕಲ್ಲು ನೋಡುತ್ತಿರಲಿಲ್ಲ, ಬಾಯಿಪಾಠ, ಕಣ್ಣು ಎಲ್ಲೋ ಕಾಲುವೆಯಂಚಿನಲ್ಲೇ ಉಳಿದಿತ್ತು, ನಾಲ್ಕು, ಐದು, ಮೇಷ್ಟ್ರು ಕೈ ಕಟ್ಟಿ ನಿಂತಿದ್ದಾರೆ, ಆರು, ಏಳು — ಮತ್ತು ಅವಳು ಇವನ ಹೆಸರು ಹೇಳಿದಳು. ಇವನದು. ಬೋರ್ಡಿನ ಮೇಲಿರುವುದು, ಹದಿನೆಂಟು ವರ್ಷದಲ್ಲಿ ಅವಳ ನಾಲಿಗೆಗೆ ಒಮ್ಮೆಯೂ ಬಾರದೆ ಇದ್ದದ್ದು, ಅಷ್ಟು ಸಲೀಸಾಗಿ, ಮುಕ್ಕಾಲು ಗಂಟೆಯಿಂದ ಅದೊಂದನ್ನೇ ಕೂಗಿ ಕೂಗಿ ರೂಢಿಯಾದ ಹಾಗೆ, ಕಾಡಿನಲ್ಲಿ ರೀ ಎಂದು ಕೂಗಿದರೆ ಯಾರಿಗೆ ಕೇಳುತ್ತದೆ, ಹೆಸರು ಹಿಡಿದೇ ಕೂಗಿರಬೇಕು, ತಿರುವಿನಿಂದ ತಿರುವಿಗೆ. ಅವಳಿಗೆ ಗೊತ್ತಾಗಲೇ ಇಲ್ಲ. ಬೇಕರಿಯವನು ತನ್ನ ಬೂಟು ನೋಡಿಕೊಂಡ, ಮೇಷ್ಟ್ರ ತಲೆ ಒಂದಿಷ್ಟು ಬಗ್ಗಿತು, ಹುಡುಗರ ಹೆಸರಿಗೆಲ್ಲ ಬಗ್ಗಿದ ಹಾಗೇ ಇವನದಕ್ಕೂ, ಎಂಟು, ಮುಂದಿನ ಹೆಸರಿಗೆ ಹೋಯಿತು ಅವಳ ಗಂಟಲು, ಒಂಬತ್ತು, ನೀನು ಕೇಳಿದ ಜಾಗ ಇದೇ ತಾನೇ, ಏಳನೆಯ ಸಾಲು, ಕೊಟ್ಟಿದ್ದಾಳೆ ತಗೋ, ಹತ್ತು, ಕೂಗಬೇಕಿತ್ತು, ಬಾಯಿ ತೆರೆದಿದ್ದೆ, ಹನ್ನೊಂದು, ಇಲ್ಲಿದ್ದೀನಿ ಕಣೇ, ಮೇಲಿದ್ದೀನಿ, ಬಾಯಲ್ಲಿ ಬಿಸ್ಕತ್ತಿನ ರುಚಿ, ಕೆಳಗೆ ನಾಲ್ಕನೆಯ ತಿರುವು, ಬಿಸಿಲು, ನಿಂತ ಹಳದಿ ಚುಕ್ಕೆ, ಕೆಳಗೆ ನೋಡುತ್ತಿರುವ ಹಳದಿ ಚುಕ್ಕೆ, ಇನ್ನೂ ನೋಡುತ್ತಿರುವ, ಸೈಕಲ್ ತಿರುಗಿಸುತ್ತಿರುವ ಹಳದಿ ಚುಕ್ಕೆ.